ಸಹಾಯ ಬೇಕು: ಥಂಡರ್‌ಬರ್ಡ್‌ನಲ್ಲಿ ಹಳೇ ಮೇಲ್ ಅಳಿಯದೆ ತಾನಾಗಿ ಬೇರೆ ಫೋಲ್ಡರ್‌ಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಆಡಿಟರ್ ಆಫೀಸಿನ ಮೇಲ್ ಇದು, ಓದೋದು ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಂನಲ್ಲಿ. ಐಮ್ಯಾಪ್ ಅಕೌಂಟ್ (ಮೇಲ್ ಸರ್ವರ್‌ನಲ್ಲೇ ಇರುತ್ತೆ, ಎಲ್ಲ ಕಂಪ್ಯೂಟರ್‌ನಲ್ಲೂ ಅದೇ ಕಾಣುತ್ತೆ), ಮೂರು ಕಂಪ್ಯೂಟರ್‌ನಲ್ಲಿ ತೆರೆದಿರುತ್ತೆ. ಬ್ಯಾಂಕಿನ ಅಲರ್ಟ್, ಜಿಎಸ್‌ಟಿ ಮೇಲ್ ಎಲ್ಲ ಸರ್ವರ್‌ನ ಫಿಲ್ಟರ್‌ನಿಂದಲೇ ‘ಅಲರ್ಟ್’ ಅನ್ನೋ ಫೋಲ್ಡರ್‌ಗೆ ಬಂದು ಬೀಳುತ್ತೆ, ಇನ್‌ಬಾಕ್ಸ್‌ಗೆ ಬರೋದೇ ಇಲ್ಲ. 90 ದಿನ ದಾಟಿದ್ದು, ಕಂಪ್ಯೂಟರ್‌ನಲ್ಲೇ ಉಳಿಯೋ ‘ಲೋಕಲ್ ಫೋಲ್ಡರ್ಸ್’ಗೆ ತಾನಾಗಿ ಸರಿಯಬೇಕು.

ಫೋಲ್ಡರ್ ಪ್ರಾಪರ್ಟೀಸ್‌ನ ರಿಟೆನ್ಷನ್ ಪಾಲಿಸಿ ದಯವಿಟ್ಟು ಹೇಳಬೇಡಿ. ಅದು ಅಳಿಸುತ್ತೆ, ಸರಿಸೋದಿಲ್ಲ. ಐಮ್ಯಾಪ್ ಆದ್ದರಿಂದ ಸರ್ವರ್‌ನಲ್ಲಿರೋ ಮೂಲ ಮೇಲೂ ಹೋಗುತ್ತೆ, ಮೂರೂ ಕಂಪ್ಯೂಟರ್‌ನಿಂದ ಮಾಯ. ಸ್ಟಾರ್ ಹಾಕಿದ್ದನ್ನು ಉಳಿಸೋ ಆಯ್ಕೆ ಇದೆ ನಿಜ, ಆದರೆ ಯಾರೋ ಒಬ್ಬರು ಒಂದು ನೋಟಿಸಿಗೆ ಸ್ಟಾರ್ ಹಾಕೋದು ಮರೆತರೂ ಕಕ್ಷಿದಾರರಿಗೆ ದಂಡ ಬೀಳಬಹುದು.

ಈಗ ಮೆಸೇಜ್ ಫಿಲ್ಟರ್ಸ್‌ನಲ್ಲಿ ಹೀಗಿದೆ: ‘ಏಜ್ ಇನ್ ಡೇಸ್’, ‘ಈಸ್ ಗ್ರೇಟರ್ ದ್ಯಾನ್’, 90, ಆ್ಯಕ್ಷನ್ ‘ಮೂವ್ ಮೆಸೇಜ್ ಟು’. ಆಗಾಗ ತಾನಾಗಿ ಓಡಿಸೋ ‘ಪೀರಿಯಾಡಿಕಲಿ’ಗೂ ಟಿಕ್ ಇದೆ. ‘ಅಲರ್ಟ್’ ಫೋಲ್ಡರ್ ಆರಿಸಿ ಟೂಲ್ಸ್ ಮೆನುವಿನಲ್ಲಿ ‘ರನ್ ಫಿಲ್ಟರ್ಸ್ ಆನ್ ಫೋಲ್ಡರ್’ ಒತ್ತಿದರೆ ಸರಿಯಾಗಿ ಸರಿಸುತ್ತೆ. ತಾನಾಗಿ ಓಡುವಾಗ ಮಾತ್ರ ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ಮುಟ್ಟಲ್ಲ. ‘ಎ’ ಕೀ ಒತ್ತಿ ಆರ್ಕೈವ್ ಮಾಡೋದೂ ಕೈಕೆಲಸವೇ ಆಯ್ತು.

ಸರ್ವರ್ ಫಿಲ್ಟರ್ ತೆಗೆದು ಎಲ್ಲ ಇನ್‌ಬಾಕ್ಸ್‌ಗೇ ಬರೋ ಹಾಗೆ ಮಾಡೋದು ಬೇಡ; ಅದಿಲ್ಲದೆ ‘ಅಲರ್ಟ್’ನಂಥ ಸಬ್‌ಫೋಲ್ಡರ್ ಮೇಲೆ ಈ ಫಿಲ್ಟರ್ ತಾನಾಗಿ ಓಡಿಸೋಕೆ ದಾರಿ ಇದೆಯಾ? ಇದಕ್ಕೆ ಆ್ಯಡ್-ಆನ್ (ಥಂಡರ್‌ಬರ್ಡ್‌ಗೆ ಸೇರಿಸೋ ಚಿಕ್ಕ ಪ್ರೋಗ್ರಾಂ) ಬಳಸುತ್ತಿರೋರು ಅದರ ಹೆಸರು, ಥಂಡರ್‌ಬರ್ಡ್ ಆವೃತ್ತಿ ಎರಡೂ ತಿಳಿಸಿ; ಆವೃತ್ತಿ ಬದಲಾದಾಗ ಹಳೇ ಆ್ಯಡ್-ಆನ್ ಎಷ್ಟೋ ಸಲ ನಿಂತುಹೋಗುತ್ತೆ. ಫಿಲ್ಟರ್ ಓಡೋದು ಒಂದೇ ಕಂಪ್ಯೂಟರ್‌ನಲ್ಲಿ, ಥಂಡರ್‌ಬರ್ಡ್ ಮೇಲ್ ಇಟ್ಟುಕೊಳ್ಳೋ ಅದರ ಪ್ರೊಫೈಲ್ ಫೋಲ್ಡರ್‌ಗೆ ದಿನಾ ಬ್ಯಾಕಪ್ ಇದೆ.