ಮ್ಯಾಕ್ರೋದ್ದು ಒಂದು ಲೆಕ್ಕ, ಸ್ಟೇಟಸ್ ಬಾರ್‌ದು ಇನ್ನೊಂದು

ಪ್ರಶ್ನೆ: ನಮಸ್ಕಾರ ಸರ್. ಪತ್ರಿಕೆಗೆ ಬರುವ ಲೇಖನಗಳ ಪದ ಎಣಿಸಲು ವರ್ಡ್‌ನಲ್ಲಿ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಕೋಡ್) ಇಟ್ಟುಕೊಂಡಿದ್ದೇನೆ. ಮಿತಿ 1500 ಪದ. ಒಂದು ಲೇಖನಕ್ಕೆ ವರ್ಡ್ ಕಿಟಕಿಯ ಕೆಳಗಿನ ಸ್ಟೇಟಸ್ ಬಾರ್ 1486 ತೋರಿಸುತ್ತೆ, ಮ್ಯಾಕ್ರೋ 1907 ಅನ್ನುತ್ತೆ. ಅದರಲ್ಲಿ ಎಣಿಸುವ ಸಾಲು ಒಂದೇ: ‘ಎನ್ = ಆಕ್ಟಿವ್‌ಡಾಕ್ಯುಮೆಂಟ್.ವರ್ಡ್ಸ್.ಕೌಂಟ್’. ಯಾವುದನ್ನು ನಂಬಲಿ?

ಉತ್ತರ: ಸ್ಟೇಟಸ್ ಬಾರ್ ನಂಬಿ ಮೇಡಂ. ‘ವರ್ಡ್ಸ್’ ಅನ್ನೋ ಹೆಸರೇ ದಾರಿ ತಪ್ಪಿಸುತ್ತೆ. ಪೂರ್ಣವಿರಾಮ, ಅಲ್ಪವಿರಾಮ, ಪ್ಯಾರಾ ಕೊನೆಯ ಎಂಟರ್ ಗುರುತು ಎಲ್ಲವೂ ಅದರ ಲೆಕ್ಕದಲ್ಲಿ ಒಂದೊಂದು ಪದ. ಖಾಲಿ ಫೈಲ್ ತೆಗೆದು ‘ಬಂದೆಯಾ? ಬಾ, ಕೂರು.’ ಅಂತ ಟೈಪ್ ಮಾಡಿ ಮ್ಯಾಕ್ರೋ ಓಡಿಸಿ ನೋಡಿ. 7 ಬರುತ್ತೆ: ಪದ ಮೂರು, ಚಿಹ್ನೆ ಮೂರು, ಎಂಟರ್ ಗುರುತು ಒಂದು. ಸಂಭಾಷಣೆ ಜಾಸ್ತಿ ಇರೋ ಕಥೆಗಳಲ್ಲಿ ಅಂತರ ಇನ್ನೂ ಹಿಗ್ಗುತ್ತೆ.

ಆಲ್ಟ್ ಹಿಡಿದು ಎಫ್11 ಒತ್ತಿ, ತೆರೆಯುವ ಕೋಡ್ ಕಿಟಕಿಯಲ್ಲಿ ‘ವರ್ಡ್ಸ್.ಕೌಂಟ್’ ಅಳಿಸಿ, ಅಲ್ಲಿ ‘ಕಂಪ್ಯೂಟ್‌ಸ್ಟಾಟಿಸ್ಟಿಕ್ಸ್’ ಹಾಕಿ (ಕೋಡ್ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಇಲ್ಲಿ ಓದೋಕೆ ಕನ್ನಡದಲ್ಲಿ ಬರೆದಿದ್ದೇನೆ). ಅದರ ಆವರಣದೊಳಗೆ ಮೊದಲು ‘ಡಬ್ಲ್ಯುಡಿಸ್ಟಾಟಿಸ್ಟಿಕ್‌ವರ್ಡ್ಸ್’, ಕಾಮಾ, ಆಮೇಲೆ ‘ಫಾಲ್ಸ್’. ಫಾಲ್ಸ್ ಅಂದರೆ ಅಡಿಟಿಪ್ಪಣಿ, ಕೊನೆಟಿಪ್ಪಣಿ ಬಿಟ್ಟು ಲೆಕ್ಕ. ‘ಟ್ರೂ’ ಅಂದರೆ ಸೇರಿಸಿ. ವರ್ಡ್ ಕೌಂಟ್ ಡಬ್ಬಿಯಲ್ಲೂ ಇದಕ್ಕೊಂದು ಟಿಕ್ ಇದೆ. ಟಿಕ್ ಒಂದು ಥರ, ಕೋಡ್ ಇನ್ನೊಂದು ಥರ ಇದ್ದರೆ ಮತ್ತೆ ಎರಡು ಸಂಖ್ಯೆ ಬರುತ್ತೆ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ ಸರ್, ರೆಗ್‌ಎಕ್ಸ್‌ಪಿಯಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ಪದ ಹುಡುಕುವ ‘\ಡಬ್ಲ್ಯು+’ ಹಾಕಿದರೆ ಸಾಲದೇ?

ಉತ್ತರ: ಇಂಗ್ಲಿಷಿಗೆ ನಡೆಯುತ್ತೆ. ಆ ರೆಗ್‌ಎಕ್ಸ್‌ಪಿ ಬರೋದು ವಿಬಿಸ್ಕ್ರಿಪ್ಟ್ ಅನ್ನೋ ಕೋಡ್ ಭಾಷೆಯಿಂದ, ಅದರ ‘\ಡಬ್ಲ್ಯು’ ಗುರುತಿಗೆ ಗೊತ್ತಿರೋದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಅಪ್ಪಟ ಕನ್ನಡ ಲೇಖನಕ್ಕೆ ಸೊನ್ನೆ ಬರುತ್ತೆ. ಪಠ್ಯ ತುಂಡರಿಸುವ ‘ಸ್ಪ್ಲಿಟ್’ ಬಳಸಿ ಸ್ಪೇಸ್‌ನಲ್ಲಿ ಒಡೆಯೋದೂ ಬೇಡ: ಎರಡು ಸ್ಪೇಸ್ ಬಿದ್ದ ಕಡೆ ಖಾಲಿ ಪದ ಹುಟ್ಟುತ್ತೆ, ಪ್ಯಾರಾದ ಕೊನೆಪದ ಮುಂದಿನ ಪ್ಯಾರಾದ ಮೊದಲ ಪದಕ್ಕೆ ಅಂಟಿಕೊಳ್ಳುತ್ತೆ.

ಪ್ರಶ್ನೆ: ಸರಿಹೋಯ್ತು ಸರ್, ಈಗ 1486 ಬಂತು. ಇದೇ ಮ್ಯಾಕ್ರೋದಲ್ಲಿ ‘ಲೆನ್’ (ಪಠ್ಯದ ಉದ್ದ ಹೇಳುವ ಆಜ್ಞೆ) ಹಾಕಿ ಅಕ್ಷರವನ್ನೂ ಎಣಿಸುತ್ತೇನೆ. ಲೇಖನಕ್ಕೆ ಸರಿ ಬರುತ್ತೆ, ಪುಸ್ತಕದ ಅಧ್ಯಾಯಕ್ಕೆ ‘ರನ್‌ಟೈಮ್ ಎರರ್ 6, ಓವರ್‌ಫ್ಲೋ’.

ಉತ್ತರ: ಕೋಡ್‌ನ ಮೇಲ್ಭಾಗದಲ್ಲಿ ‘ಡಿಮ್ ಎನ್ ಆ್ಯಸ್ ಇಂಟಿಜರ್’ ಅಂತ ಇರಬೇಕು, ಅಂದರೆ ಎನ್ ಎಂಥ ಸಂಖ್ಯೆ ಅಂತ ಹೇಳುವ ಸಾಲು. ಇಂಟಿಜರ್ ಹಿಡಿಸೋದು 32,767ರ ತನಕ. ‘ಲಾಂಗ್’ ಮಾಡಿ, 214 ಕೋಟಿ ದಾಟೋವರೆಗೂ ತೊಂದರೆ ಇಲ್ಲ. ಅಂದಹಾಗೆ, ಕನ್ನಡದಲ್ಲಿ ಆ 32,767ರ ಮಿತಿ ಬೇಗ ಮುಟ್ಟುತ್ತೆ. ‘ಸ್ತ್ರೀ’ ನಮಗೆ ಒಂದಕ್ಷರ, ಲೆನ್‌ಗೆ ಆರು: ಸ, ತ, ರ, ಎರಡು ವಿರಾಮ ಚಿಹ್ನೆ (ಅಂದರೆ ಅರ್ಧಾಕ್ಷರದ್ದು), ಒಂದು ದೀರ್ಘ. ಅಕ್ಷರದ ಲೆಕ್ಕದಲ್ಲಿ ಸಂಭಾವನೆ ಕೊಡೋದಾದರೆ ಇದನ್ನು ಲೇಖಕರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಮ್ಯಾಕ್ರೋವನ್ನು ಲೇಖನದ ಫೈಲ್‌ನಲ್ಲೇ ಇಟ್ಟು ಸೇವ್ ಮಾಡಿದರೆ ಮಾರನೇ ದಿನ ಕಾಣೋದಿಲ್ಲವಲ್ಲ?

ಉತ್ತರ: ವರ್ಡ್‌ನ ಮಾಮೂಲಿ ಡಾಕ್‌ಎಕ್ಸ್ ಫೈಲ್ ಮ್ಯಾಕ್ರೋ ಇಟ್ಟುಕೊಳ್ಳೋದಿಲ್ಲ, ಮ್ಯಾಕ್ರೋ ಹಿಡಿಯುವ ಡಾಕ್‌ಎಂ ಫೈಲ್ ಬೇಕು. ನಿಮಗೆ ಅದೂ ಬೇಡ. ಆ ಕೋಡ್ ಕಿಟಕಿಯಲ್ಲೇ ‘ನಾರ್ಮಲ್’ ಟೆಂಪ್ಲೇಟ್‌ನಲ್ಲಿ (ವರ್ಡ್‌ನ ಮೂಲ ಮಾದರಿ ಫೈಲ್) ಒಂದು ಮಾಡ್ಯೂಲ್ (ಕೋಡ್ ಬರೆಯುವ ಹಾಳೆ) ಸೇರಿಸಿ ಅಲ್ಲಿಡಿ, ಆ ಕಂಪ್ಯೂಟರ್‌ನಲ್ಲಿ ಯಾವ ಲೇಖನ ತೆರೆದರೂ ಸಿಗುತ್ತೆ.