ಲ್ಯಾಬ್ ಇದೆ, ತರಬೇತಿಯೂ ಆಯ್ತು, ಆದರೂ ಶಿಕ್ಷಕರು ಬಳಸುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ
ಹೊಸದಾಗಿ ಶಾಲೆಯ ಹೊಣೆ ನನ್ನ ಹೆಗಲಿಗೆ ಬಿದ್ದಿದೆ. ಕಂಪ್ಯೂಟರ್ ಲ್ಯಾಬಿನ ಬಾಗಿಲು ತೆರೆಯುವುದು ಇನ್‌ಸ್ಪೆಕ್ಷನ್ ಇದ್ದಾಗ ಮಾತ್ರ. ಶಿಕ್ಷಕರು ಸೋಮಾರಿಗಳಲ್ಲ. ಹಿರಿಯ ಗಣಿತ ಶಿಕ್ಷಕಿಯೊಬ್ಬರು ನೇರವಾಗಿ ಹೇಳಿದರು: "ಮಕ್ಕಳ ಮುಂದೆ ಪಾಸ್‌ವರ್ಡ್ ಹುಡುಕುತ್ತಾ ನಿಲ್ಲೋಕೆ ಮುಜುಗರ." ಜೊತೆಗೆ ಮಕ್ಕಳು ಚಾಟ್‌ಜಿಪಿಟಿಯಿಂದ ಬರೆಸಿ ತರುವ ಪ್ರಬಂಧಗಳ ಕಾಟ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1
ಮುಖ್ಯಶಿಕ್ಷಕಿಯಾಗಿ ನಿವೃತ್ತಳಾದವಳು ನಾನು. ತರಬೇತಿ ಕೊಟ್ಟರೆ ಸಾಲದು, ಪುರುಸೊತ್ತು ಕೊಡಿ. ಟೈಮ್‌ಟೇಬಲ್ ನಿಮ್ಮ ಕೈಯಲ್ಲೇ ಇದೆ ಅಲ್ವಾ? ಇಬ್ಬಿಬ್ಬರು ಶಿಕ್ಷಕರಿಗೆ ವಾರಕ್ಕೊಂದು ಪೀರಿಯಡ್ ಒಟ್ಟಿಗೆ ಬಿಡುವು ಸಿಗುವ ಹಾಗೆ ಹಾಕಿ. ಯಾರು ರಜೆ ಹಾಕಿದರೂ ಆ ಬಿಡುವನ್ನು ಕಿತ್ತುಕೊಳ್ಳಬೇಡಿ, ಖಾಲಿ ತರಗತಿಗೆ ನೀವೇ ಹೋಗಿ. ಹಾಜರಿಯನ್ನು ಪುಸ್ತಕದಲ್ಲೂ ಆ್ಯಪ್‌ನಲ್ಲೂ ತುಂಬಿಸುತ್ತಿದ್ದರೆ ಒಂದನ್ನು ನಿಲ್ಲಿಸಿ.

ಆ ಗಣಿತ ಶಿಕ್ಷಕಿಗೆ ಸದ್ಯಕ್ಕೆ ಕಂಪ್ಯೂಟರೇ ಬೇಡ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ 'ಸಿಎಸ್ ಅನ್‌ಪ್ಲಗ್ಡ್' ಚಟುವಟಿಕೆಗಳು, ಅಂದರೆ ಕಂಪ್ಯೂಟರ್ ಇಲ್ಲದೆಯೇ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳು, ಉಚಿತವಾಗಿ ಸಿಗುತ್ತವೆ. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ 16, 8, 4, 2, 1 ಚುಕ್ಕಿಗಳ ಕಾರ್ಡ್ ಕೊಡಬೇಕು. 19 ಅಂದರೆ 16, 2, 1 ಹಿಡಿದವರು ಚುಕ್ಕಿ ತೋರಿಸುತ್ತಾರೆ, ಉಳಿದಿಬ್ಬರು ಮರೆಮಾಡುತ್ತಾರೆ. ತೋರಿಸಿದ್ದಕ್ಕೆ 1, ಮರೆಮಾಡಿದ್ದಕ್ಕೆ 0 ಅಂತ ಬರೆದರೆ 10011. ಕಂಪ್ಯೂಟರ್ ಬಳಸುವ ಬೈನರಿ ಅಂದರೆ ಇದೇ. 32 ಕೇಳಿ ನೋಡಿ, ಆಗಲ್ಲ ಅಂತ ಯಾವುದಾದರೂ ಮಗು ಕೂಗಿಯೇ ಕೂಗುತ್ತದೆ. ಆರನೇ ಕಾರ್ಡಿನಲ್ಲಿ ಎಷ್ಟು ಚುಕ್ಕಿ ಇರಬೇಕು ಅಂತ ಆಮೇಲೆ ಜಗಳ! ಇದು ಅವರದೇ ಗಣಿತ, ಮುಜುಗರ ಎಲ್ಲಿಂದ ಬರುತ್ತದೆ? ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯುವ ಸ್ಕ್ರಾಚ್ ನಿಧಾನಕ್ಕೆ ಬರಲಿ.

ಉತ್ತರ 2
ಎಐ ಬರಹ ಪತ್ತೆ ಹಚ್ಚುವ ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದನ್ನು 2023ರ ಜನವರಿಯಲ್ಲಿ ಬಿಟ್ಟು, ನಿಖರತೆ ಕಡಿಮೆ ಅಂತ ಜುಲೈನಲ್ಲಿ ತಾನೇ ವಾಪಸ್ ತೆಗೆದುಕೊಂಡಿತು. ಸುಮ್ನೆ ಯಾವುದೋ ಮಗುವಿಗೆ ಕಳ್ಳನ ಹಣೆಪಟ್ಟಿ ಬೀಳುತ್ತದೆ. ಮೊದಲ ಕರಡನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಲಿ. ಎಐ ಎಲ್ಲಿ ಬಳಸಬಹುದು, ಎಲ್ಲಿ ಕೂಡದು ಅನ್ನುವ ನಿಯಮ ಇಡೀ ಶಾಲೆಗೆ ಒಂದೇ ಇರಲಿ. ಪೋಷಕರು ಜಗಳಕ್ಕೆ ಬಂದಾಗ ಶಿಕ್ಷಕರನ್ನು ಮುಂದೆ ತಳ್ಳಬೇಡಿ, ನೀವೇ ಮಾತಾಡಿ.

ಉತ್ತರ 3
ಕಾರ್ಡ್ ಎಲ್ಲಾ ಸರಿ, ಪಾಸ್‌ವರ್ಡ್ ಸಮಸ್ಯೆ ಹಾಗೇ ಉಳಿಯಿತಲ್ಲ? ಲಾಗಿನ್, ಚಾರ್ಜರ್, ಕೇಬಲ್ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ಆದರೆ 'ಕಂಪ್ಯೂಟರ್ ಗೊತ್ತು' ಅನ್ನುವ ಒಂದೇ ಕಾರಣಕ್ಕೆ ಒಬ್ಬ ಶಿಕ್ಷಕನ ತಲೆಗೆ ಕಟ್ಟಬೇಡಿ. ನಮ್ಮಲ್ಲಿ ಆ ಶಿಕ್ಷಕ ನಾನೇ. ಪಾಠದ ಮಧ್ಯೆ ಪ್ರೊಜೆಕ್ಟರ್ ಹಚ್ಚಿಕೊಡಿ ಅಂತ ಕರೆ ಬರುತ್ತದೆ. ಕೊಡುವುದಾದರೆ ಅವರ ಪೀರಿಯಡ್ ಕಡಿಮೆ ಮಾಡಿ ಕೊಡಿ.

ಪ್ರಶ್ನೆ ಕೇಳಿದವರು
ಬಿಡುವಿನ ಪೀರಿಯಡ್ ಮುಂದಿನ ಟೈಮ್‌ಟೇಬಲ್‌ನಲ್ಲೇ ಹಾಕುತ್ತೇನೆ. ಹಾಜರಿ ಪುಸ್ತಕ ನಿಲ್ಲಿಸಲು ಮೇಲಿನವರು ಒಪ್ಪಬೇಕು, ಕೇಳಿ ನೋಡುತ್ತೇನೆ. ಕಾರ್ಡಿನ ಆಟವನ್ನು ಮೊದಲು ಸ್ಟಾಫ್ ಮೀಟಿಂಗಿನಲ್ಲಿ ಆಡಿಸಬಹುದಾ?

ಉತ್ತರ 1
ಧಾರಾಳವಾಗಿ. ಒಂದು ಕಾರ್ಡ್ ನೀವೂ ಹಿಡಿದು ನಿಲ್ಲಿ.