ಸೋಡಿಯಂ ಚಾನೆಲ್ ಬೀಟಾ 1 ಪ್ರೋಟೀನ್: 17ರ ಬದಲು 28ರ ಹತ್ತಿರ ಬ್ಯಾಂಡ್, ಎಲೈಸಾದಲ್ಲಿ ಸಿಗ್ನಲ್ ಇಲ್ಲ

ಪೈಪೆಟ್22:
ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ಸ್ವಲ್ಪ ನೋಡಿ.

ಮನುಷ್ಯರ ಸೋಡಿಯಂ ಚಾನೆಲ್‌ನ ಬೀಟಾ 1 ಸಬ್‌ಯುನಿಟ್ ತರಿಸಿದ್ದೇವೆ, ಎಸ್‌ಸಿಎನ್1ಬಿ ಜೀನಿನದು. ಪೂರ್ತಿ ಪ್ರೋಟೀನ್ ಅಲ್ಲ. ಕೋಶದ ಹೊರಗೆ ಇರುವ ಭಾಗ ಮಾತ್ರ, 19ರಿಂದ 160ನೇ ಅಮೈನೋ ಆಮ್ಲದವರೆಗೆ. ಕೊನೆಯಲ್ಲಿ ಹಿಸ್ ಟ್ಯಾಗ್ ಇದೆ, ಅಂದರೆ ಗುರುತಿಗಾಗಿ ಸೇರಿಸಿದ ಹಿಸ್ಟಿಡಿನ್‌ಗಳ ಪುಟ್ಟ ಬಾಲ. ಮನುಷ್ಯರ ಎಚ್‌ಇಕೆ 293 ಕೋಶಗಳಲ್ಲಿ ತಯಾರಿಸಿದ್ದು, ಒಣಪುಡಿಯಾಗಿ ಬಂತು.

ಮೊದಲ ತೊಂದರೆ: ಲೆಕ್ಕದ ಪ್ರಕಾರ ತೂಕ ಸುಮಾರು 17 ಕಿಲೋಡಾಲ್ಟನ್. ಜೆಲ್‌ನಲ್ಲಿ 25ರಿಂದ 30ರ ನಡುವೆ ಅಗಲವಾದ, ಮಸುಕು ಬ್ಯಾಂಡ್ ಬರುತ್ತಿದೆ. 17ರಲ್ಲಿ ಏನೂ ಇಲ್ಲ. ಬೇರೆ ಪ್ರೋಟೀನ್ ಕಳಿಸಿಬಿಟ್ಟಿದ್ದಾರಾ?

ಎರಡನೆಯದು: ಇದನ್ನು ಎಲೈಸಾ (ಆಂಟಿಬಾಡಿಯಿಂದ ಪ್ರೋಟೀನ್ ಪತ್ತೆಮಾಡುವ ಪರೀಕ್ಷೆ) ಪ್ಲೇಟಿಗೆ ಕೋಟ್ ಮಾಡಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಡುತ್ತೇನೆ. ಹಿಸ್ ಟ್ಯಾಗ್‌ನ ಆಂಟಿಬಾಡಿ ಹಾಕಿದರೆ ಸಿಗ್ನಲ್ ಚೆನ್ನಾಗಿ ಬರುತ್ತದೆ. ಬೀಟಾ 1 ಗುರುತಿಸುವ ಮೊನೊಕ್ಲೋನಲ್ ಆಂಟಿಬಾಡಿ ಹಾಕಿದರೆ ಪ್ಲೇಟಿನ ಖಾಲಿ ಬಾವಿಯಷ್ಟೇ (ಗುಳಿಯಷ್ಟೇ) ಓದುತ್ತದೆ. ಆ ಮೊನೊಕ್ಲೋನಲ್ ಸರಿಯಾಗಿ ಮಡಚಿಕೊಂಡ ಪ್ರೋಟೀನನ್ನು ಮಾತ್ರ ಹಿಡಿಯುತ್ತದೆ ಅಂತ ಅದರ ಹಾಳೆಯಲ್ಲಿ ಬರೆದಿದೆ.

ಮೈನಸ್80:
ಮೊದಲನೆಯದು ತೊಂದರೆಯೇ ಅಲ್ಲ, ನೆಮ್ಮದಿಯಾಗಿರಿ. ಬೀಟಾ 1ರ ಹೊರಭಾಗದಲ್ಲಿ ಸಕ್ಕರೆ ಸರಪಳಿ ಅಂಟಿಕೊಳ್ಳುವ ಜಾಗ ನಾಲ್ಕು ಇವೆ. ಒಂದೊಂದು ಸರಪಳಿಯೂ ಸುಮಾರು 2ರಿಂದ 3 ಕಿಲೋಡಾಲ್ಟನ್. 17ಕ್ಕೆ ಎಂಟು-ಹನ್ನೆರಡು ಕೂಡಿಸಿ ನೋಡಿ, ನಿಮ್ಮ ಬ್ಯಾಂಡ್ ಅಲ್ಲೇ ಸಿಗುತ್ತದೆ. ಎಲ್ಲ ಅಣುಗಳಿಗೂ ಒಂದೇ ಥರ ಸಕ್ಕರೆ ಇರುವುದಿಲ್ಲ, ಅದಕ್ಕೇ ಬ್ಯಾಂಡ್ ಮಸುಕು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಾಗಿದ್ದರೆ ಸಕ್ಕರೆ ಇರದೆ 17ರ ಹತ್ತಿರ ಕಾಣುತ್ತಿತ್ತು.

ಖಾತ್ರಿ ಬೇಕಿದ್ದರೆ ಪಿಎನ್‌ಗೇಸ್ ಎಫ್ ಹಾಕಿ, ಅದು ಸಕ್ಕರೆ ಸರಪಳಿ ಕತ್ತರಿಸುವ ಕಿಣ್ವ. ಎಸ್‌ಡಿಎಸ್ ಮತ್ತು ಡಿಟಿಟಿ ಜೊತೆ 100 ಡಿಗ್ರಿಯಲ್ಲಿ 10 ನಿಮಿಷ ಕುದಿಸಿ, ತಣ್ಣಗಾದ ಮೇಲೆ ಎನ್‌ಪಿ-40 ಶೇಕಡಾ 1ರಷ್ಟು ಸೇರಿಸಿ. ಇದನ್ನು ಮರೆಯಬೇಡಿ, ಎಸ್‌ಡಿಎಸ್ ಈ ಕಿಣ್ವವನ್ನು ಕೆಡಿಸುತ್ತದೆ, ಎನ್‌ಪಿ-40 ಅದನ್ನು ತಡೆಯುತ್ತದೆ. ಆಮೇಲೆ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ. 36ರಲ್ಲಿ ಹೊಸ ಬ್ಯಾಂಡ್ ಕಂಡರೆ ಗಾಬರಿ ಬೇಡ, ಅದು ಕಿಣ್ವದ್ದೇ.

ಎರಡನೆಯದಕ್ಕೆ: ತೀರಾ ತೆಳು ದ್ರಾವಣದಲ್ಲಿ ಪ್ರೋಟೀನ್ ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತದೆ. ಶೇಕಡಾ 0.1 ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿ ನೋಡಿ.

ಬಫರ್‌ಪುಸ್ತಕ:
ಸಕ್ಕರೆಯ ವಿಷಯ ಪೂರ್ತಿ ಒಪ್ಪುತ್ತೇನೆ. ಆದರೆ ಕೋಟಿಂಗ್ ದ್ರಾವಣಕ್ಕೆ ಬಿಎಸ್‌ಎ ಖಂಡಿತ ಬೇಡ. ಪ್ಲೇಟಿನ ಜಾಗವನ್ನೆಲ್ಲ ಬಿಎಸ್‌ಎಯೇ ಹಿಡಿದುಬಿಡುತ್ತದೆ. ಅದನ್ನು ಹಾಕುವುದು ಕೋಟಿಂಗ್ ಮುಗಿದ ಮೇಲೆ, ಬ್ಲಾಕ್ ಮಾಡುವಾಗ.

ಮತ್ತೆ, ಹಿಸ್ ಟ್ಯಾಗ್ ಸಿಗುತ್ತಿದೆ ಅಂದರೆ ಪ್ರೋಟೀನ್ ಪ್ಲೇಟಿನಲ್ಲಿ ಕೂತಿದೆ, ಅಲ್ವಾ? ಟ್ಯಾಗ್‌ಗೆ ಮಡಿಕೆ ಬೇಕಿಲ್ಲ. ಮೊನೊಕ್ಲೋನಲ್‌ಗೆ ಬೇಕು. ಹಾಗಾಗಿ ಪ್ರೋಟೀನ್ ಇದೆ, ಅದರ ಆಕಾರ ಹೋಗಿದೆ ಅಂತ ನನಗೆ ಅನಿಸುತ್ತದೆ. ನಿಮ್ಮ ಕೋಟಿಂಗ್ ಬಫರ್‌ನಲ್ಲಿ ಏನೇನಿದೆ? ಒಂದನ್ನೂ ಬಿಡದೆ ಬರೆಯಿರಿ.

ಪೈಪೆಟ್22:
ಕಾರ್ಬೊನೇಟ್ ಬಫರ್ ಅಕ್ಕಾ, ಪಿಎಚ್ 9.6. ಜೊತೆಗೆ 5 ಮಿಲಿಮೋಲಾರ್ ಡಿಟಿಟಿ. ನಮ್ಮ ಲ್ಯಾಬ್‌ನಲ್ಲಿ ಎಲ್ಲ ಪ್ರೋಟೀನಿಗೂ ಹಾಕುತ್ತೇವೆ, ಆಕ್ಸಿಡೈಸ್ ಆಗದಿರಲಿ ಅಂತ.

ಬಫರ್‌ಪುಸ್ತಕ:
ಸಿಕ್ಕಿತು. ಡಿಟಿಟಿ ತೆಗೆಯಿರಿ.

ಕೋಶದ ಒಳಗಿನ ಕಿಣ್ವಗಳಿಗೆ ಆ ಅಭ್ಯಾಸ ಒಳ್ಳೆಯದೇ. ಬೀಟಾ 1ರ ಈ ಭಾಗ ಇರುವುದು ಕೋಶದ ಹೊರಗೆ. ಅದರ ಆಕಾರ ಆಂಟಿಬಾಡಿಗಳಲ್ಲಿ ಕಾಣುವ ಇಮ್ಯುನೊಗ್ಲಾಬ್ಯುಲಿನ್ ಮಡಿಕೆಯದು. ಆ ಮಡಿಕೆಯ ಎರಡು ಪದರಗಳನ್ನು 40 ಮತ್ತು 121ನೇ ಸಿಸ್ಟೀನ್‌ಗಳ ನಡುವಿನ ಡೈಸಲ್ಫೈಡ್ ಕೊಂಡಿ ಹಿಡಿದಿಟ್ಟಿದೆ. ಡಿಟಿಟಿ ಮುರಿಯುವುದು ಅಂಥ ಕೊಂಡಿಯನ್ನೇ. ಅದರ ಮೇಲೆ ನಿಮ್ಮ ಪಿಎಚ್ 9.6. ಪಿಎಚ್ ಏರಿದಷ್ಟೂ ಡಿಟಿಟಿ ಚುರುಕು. ರಾತ್ರಿಯಿಡೀ ಬೇರೆ ಇಟ್ಟಿದ್ದೀರಿ.

ಈ ಕೊಂಡಿ ಎಷ್ಟು ಮುಖ್ಯ ಅಂತ ಹೇಳಲೇಬೇಕು. 1998ರಲ್ಲಿ ಆಸ್ಟ್ರೇಲಿಯಾದ ಒಂದು ದೊಡ್ಡ ಕುಟುಂಬದಲ್ಲಿ ಎಸ್‌ಸಿಎನ್1ಬಿ ಬದಲಾವಣೆಯೊಂದು ಪತ್ತೆಯಾಯಿತು. ಮಕ್ಕಳಿಗೆ ಜ್ವರ ಬಂದಾಗ ಫಿಟ್ಸ್, ಕೆಲವರಿಗೆ ಮುಂದೆ ಮೂರ್ಛೆರೋಗ. ಬದಲಾಗಿದ್ದು ಒಂದೇ ಒಂದು ಅಮೈನೋ ಆಮ್ಲ: 121ನೇ ಸಿಸ್ಟೀನ್ ಜಾಗದಲ್ಲಿ ಟ್ರಿಪ್ಟೊಫ್ಯಾನ್. ಅಲ್ಲಿ ಹೋಗಿದ್ದೂ ಇದೇ ಕೊಂಡಿ. ಅದಕ್ಕೇ ಈ ಪ್ರೋಟೀನಿನ ಹತ್ತಿರ ಡಿಟಿಟಿ ತರುವಾಗ ನನಗೆ ಕೈ ಹಿಂದೇಟು ಹಾಕುತ್ತದೆ.

ಪರೀಕ್ಷೆ ಹೀಗೆ ಮಾಡಿ. ಒಂದೇ ಪ್ಲೇಟಿನಲ್ಲಿ ನಾಲ್ಕು ಥರ ಕೋಟ್ ಮಾಡಿ: ಪಿಬಿಎಸ್ ಬಫರ್ (ಪಿಎಚ್ 7.4) ಡಿಟಿಟಿ ಇಲ್ಲದೆ, ಇದ್ದು. ಕಾರ್ಬೊನೇಟ್ ಡಿಟಿಟಿ ಇಲ್ಲದೆ, ಇದ್ದು. ಎರಡು ಆಂಟಿಬಾಡಿಗಳನ್ನೂ ಓಡಿಸಿ. ಜೆಲ್‌ನಲ್ಲಿ ನೋಡಲು ಹೋಗಬೇಡಿ, ಅಷ್ಟು ಅಗಲದ ಮಸುಕು ಬ್ಯಾಂಡ್‌ನಲ್ಲಿ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತದೆ. ಹಳೇ ಟ್ಯೂಬನ್ನು ಸರಿಮಾಡುವ ಗೋಜಿಗೂ ಹೋಗಬೇಡಿ. ಹೊಸ ವಯಲ್ ತೆಗೆಯುವ ಮುಂಚೆ ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ತಿರುಗಿಸಿ, ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. ವೋರ್ಟೆಕ್ಸ್ ಬೇಡ. ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಮೈನಸ್80:
ಬಿಎಸ್‌ಎ ಬಗ್ಗೆ ನಾನು ಹೇಳಿದ್ದು ತಪ್ಪು, ನೀವು ಕೋಟಿಂಗ್‌ಗೆ ಬಳಸುತ್ತಿದ್ದೀರಿ ಅನ್ನುವುದನ್ನು ಗಮನಿಸಲಿಲ್ಲ. ಬಫರ್‌ಪುಸ್ತಕ ಹೇಳಿದಂತೆಯೇ ಮಾಡಿ.

ಪೈಪೆಟ್22 (ಆರು ದಿನದ ನಂತರ):
ಬಂತು! ಮೊನೊಕ್ಲೋನಲ್ ಹಾಕಿದಾಗ ಡಿಟಿಟಿ ಇಲ್ಲದ ಬಾವಿಗಳೆಲ್ಲ ಹಳದಿ, ಅಂದರೆ ಸಿಗ್ನಲ್ ಇದೆ, ಪಿಬಿಎಸ್‌ನಲ್ಲಿ ಸ್ವಲ್ಪ ಜಾಸ್ತಿ. ಪಿಬಿಎಸ್ ಜೊತೆ ಡಿಟಿಟಿ ಇದ್ದಲ್ಲಿ ಸಿಗ್ನಲ್ ಕಡಿಮೆ. ಕಾರ್ಬೊನೇಟ್ ಜೊತೆ ಡಿಟಿಟಿ ಇದ್ದಲ್ಲಿ ಏನೂ ಇಲ್ಲ. ಹಿಸ್ ಟ್ಯಾಗ್ ಮಾತ್ರ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ. ಪಿಎನ್‌ಗೇಸ್ ಎಫ್ ಹಾಕಿದ ಲೇನ್‌ನಲ್ಲಿ ಬ್ಯಾಂಡ್ 17ರ ಹತ್ತಿರ ಇಳಿಯಿತು, ಮಸುಕೂ ಹೋಯಿತು. ಪ್ರೋಟೀನ್ ಕಳಿಸಿದವರ ಮೇಲೆ ಸುಮ್ನೆ ಅನುಮಾನ ಪಟ್ಟೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಜೆಲ್‌ಲೇನ್7:
ಇಲ್ಲೇ ಕೇಳುತ್ತೇನೆ. ನನ್ನದು ಬೀಟಾ 3, ಪೂರ್ತಿ ಉದ್ದದ್ದು, ಪೊರೆಯೊಳಗೆ ಹೋಗುವ ಭಾಗವೂ ಸೇರಿ. ಜೆಲ್‌ನ ಬಾಯಲ್ಲೇ ನಿಂತುಬಿಡುತ್ತದೆ, ಕೆಳಗೆ ಇಳಿಯುವುದೇ ಇಲ್ಲ.

ಬಫರ್‌ಪುಸ್ತಕ:
ಕುದಿಸುತ್ತಿದ್ದೀರಾ? ಪೊರೆಯ ಪ್ರೋಟೀನ್‌ಗಳು ಕುದಿಸಿದಾಗ ಒಂದಕ್ಕೊಂದು ಅಂಟಿಕೊಂಡು ಗಂಟಾಗುವುದು ಮಾಮೂಲು. ಸ್ಯಾಂಪಲ್ ಬಫರ್‌ನಲ್ಲಿ 37 ಡಿಗ್ರಿಗೆ ಅರ್ಧ ಗಂಟೆ ಇಟ್ಟು ಓಡಿಸಿ. ಪಕ್ಕದ ಲೇನ್‌ನಲ್ಲಿ 70 ಡಿಗ್ರಿ, 10 ನಿಮಿಷದ್ದನ್ನೂ ಹಾಕಿ. ಯಾವುದು ಇಳಿಯಿತು ಅಂತ ಇಲ್ಲೇ ಬರೆಯಿರಿ.